ಶ್ವಾಸಕೋಶದಲ್ಲಿ ಎರಡು ಗಂಟು: ಮಾಡಬೇಕಾದ್ದು, ಮಾಡಬಾರದ್ದು
ರೋಗಿಗಳ ಮತ್ತು ಮನೆಯವರ ಗಮನಕ್ಕೆ

ಮಾಡಬಾರದ್ದು

ಸ್ಕ್ಯಾನಿನಲ್ಲಿ ಎರಡು ಗಂಟು ಕಂಡವೆಂದು, “ಕ್ಯಾನ್ಸರ್ ಹರಡಿಬಿಟ್ಟಿದೆ, ಇನ್ನೇನೂ ಆಗಲ್ಲ” ಎಂದುಕೊಂಡು ರೋಗಿಯನ್ನು ಊರಿಗೆ ಕರೆದೊಯ್ಯಬೇಡಿ. ಒಂದು ಶ್ವಾಸಕೋಶದ ಕ್ಯಾನ್ಸರ್ ಇನ್ನೊಂದಕ್ಕೆ ಹರಡಿದ್ದರೆ ಅದು ನಾಲ್ಕನೇ ಹಂತ, ನಿಜ. ಆದರೆ ಎರಡೂ ಬೇರೆ ಬೇರೆಯಾಗಿಯೇ ಹುಟ್ಟಿದ ಕ್ಯಾನ್ಸರ್ ಆಗಿರಬಹುದು. ಆಗ ಪ್ರತಿಯೊಂದರ ಹಂತವನ್ನೂ ಪ್ರತ್ಯೇಕವಾಗಿ ನಿರ್ಧರಿಸುತ್ತಾರೆ. ಎರಡೂ ಮೊದಲ ಹಂತದಲ್ಲೇ ಇದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಇದೆ.

ಗಂಟು ಟಿ.ಬಿ.ಯದಿರಬಹುದೆಂದು, ಕಫದಲ್ಲಿ ಅದು ಖಚಿತವಾಗದೆ, ಬಯಾಪ್ಸಿಯೂ (ಅಂಗಾಂಶ ಪರೀಕ್ಷೆ) ಆಗದೆ, ಟಿ.ಬಿ. ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಾಯಬೇಡಿ. ಬಯಾಪ್ಸಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ.

ಮಾಡಬೇಕಾದ್ದು

ಎರಡೂ ಗಂಟುಗಳ ಅಂಗಾಂಶ ಪರೀಕ್ಷೆ ಸಾಧ್ಯವೇ ಎಂದು ಕೇಳಿ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟ್ ಕಾಗದವೊಂದೇ ಸಾಲದು. ಸ್ಲೈಡುಗಳನ್ನೂ, ಮೇಣದಲ್ಲಿ ಕೂರಿಸಿದ ಅಂಗಾಂಶದ ಬ್ಲಾಕನ್ನೂ ಕೇಳಿ ಪಡೆಯಿರಿ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಎರಡೂ ಬೇರೆ ಬೇರೆಯೋ, ಒಂದರಿಂದ ಇನ್ನೊಂದು ಹರಡಿದ್ದೋ ಎಂದು ತಿಳಿಯಲು 1975ರಲ್ಲಿ ಮಾರ್ಟಿನಿ ಮತ್ತು ಮೆಲಮೆಡ್ ಎಂಬ ವೈದ್ಯರು ಕೊಟ್ಟ ಮಾನದಂಡಗಳು ಜೀವಕೋಶದ ಬಗೆ, ಗಂಟಿನ ಜಾಗ, ನಡುವಿನ ಕಾಲಾವಧಿ ಇವುಗಳನ್ನು ನೋಡುತ್ತಿದ್ದವು. ಈಗ ಜೀನ್ ಪರೀಕ್ಷೆಯೂ ಸೇರಿದೆ. ಒಂದರಲ್ಲಿ ಇಜಿಎಫ್ಆರ್ ಜೀನಿನ, ಇನ್ನೊಂದರಲ್ಲಿ ಕೆ-ರಾಸ್ ಜೀನಿನ ಬದಲಾವಣೆ ಸಿಕ್ಕರೆ ಅವು ಬೇರೆ ಬೇರೆ ಎನ್ನಲು ಅದು ಬಲವಾದ ಸಾಕ್ಷಿ. ಎರಡರಲ್ಲೂ ಒಂದೇ ಸಾಮಾನ್ಯ ಬದಲಾವಣೆ ಇದ್ದರೆ, ಅಷ್ಟರಿಂದಲೇ ಹರಡಿದೆ ಎನ್ನುವಂತಿಲ್ಲ.

ಪೆಟ್ ಸ್ಕ್ಯಾನ್, ಮೆದುಳಿನ ಎಂ.ಆರ್.ಐ. ಮಾಡಿಸಿ. ಎದೆಯ ನಡುವಿನ ದುಗ್ಧಗ್ರಂಥಿಗಳು ಪೆಟ್‌ನಲ್ಲಿ ಹೊಳೆದರೆ ಕ್ಯಾನ್ಸರ್ ಅಲ್ಲಿಗೂ ಬಂತೆಂದು ತೀರ್ಮಾನಿಸಬೇಡಿ. ಟಿ.ಬಿ.ಯಲ್ಲೂ ಅವು ಹೊಳೆಯುತ್ತವೆ. ಸೂಜಿಯಿಂದ ಮಾದರಿ ತೆಗೆದು ನೋಡಲೇಬೇಕು.

ಉಸಿರಾಟದ ಪೂರ್ಣ ಪರೀಕ್ಷೆಯಾಗದೆ ಆಪರೇಷನ್‌ಗೆ ಒಪ್ಪಬೇಡಿ. ಎಷ್ಟು ತೆಗೆಯುತ್ತಾರೆ ಎಂಬುದರಷ್ಟೇ ಮುಖ್ಯ, ಎಷ್ಟು ಉಳಿಯುತ್ತದೆ ಎಂಬುದು. ಬಲ ಶ್ವಾಸಕೋಶದಲ್ಲಿ ಮೂರು ಹಾಲೆ (ದೊಡ್ಡ ಭಾಗ), ಎಡದಲ್ಲಿ ಎರಡು. ಎರಡು ಕಡೆ ಕೊಯ್ಯಬೇಕಾದವರಿಗೆ ಪ್ರತಿ ತುಣುಕೂ ಉಸಿರೇ. ಶ್ವಾಸಕೋಶದ ಹೊರಭಾಗದಲ್ಲಿರುವ 2 ಸೆಂ.ಮೀ. ಒಳಗಿನ ಗಂಟಿಗೆ ಇಡೀ ಹಾಲೆಯ ಬದಲು ಅದರ ಒಂದು ಖಂಡ ತೆಗೆದರೂ ಸಾಕಾಗಬಹುದೆಂದು 2022ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ ತೋರಿಸಿತು. “ಖಂಡ ಮಾತ್ರ ತೆಗೆಯಲು ಆಗುತ್ತದೆಯೇ?” ಎಂದು ಸಂಕೋಚವಿಲ್ಲದೆ ಕೇಳಿ. ಎರಡೂ ಬದಿಯಲ್ಲಿದ್ದರೆ ಸಾಮಾನ್ಯವಾಗಿ ಕೆಲವು ವಾರಗಳ ಅಂತರದಲ್ಲಿ ಎರಡು ಆಪರೇಷನ್ ಮಾಡುತ್ತಾರೆ. ಎರಡನೆಯದಕ್ಕೆ ದೇಹ ತಡೆಯದಿದ್ದರೆ ಆ ಗಂಟಿಗಷ್ಟೇ ಗುರಿಯಿಟ್ಟ ರೇಡಿಯೇಷನ್ ಬಗ್ಗೆ ವಿಚಾರಿಸಿ.

ಬೀಡಿ, ಸಿಗರೇಟು ಇವತ್ತೇ ಬಿಡಿ. ಆಪರೇಷನ್ ಆದ ಮೇಲೂ ಹೊಸದೊಂದು ಹುಟ್ಟಬಹುದು, ಹಾಗಾಗಿ ಆರಾಮಾಗಿದ್ದರೂ ವೈದ್ಯರು ಹೇಳಿದ ದಿನಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಹಳೆಯ ಸ್ಕ್ಯಾನಿನ ಸಿ.ಡಿ.ಯನ್ನೂ ಜೊತೆಗೆ ಒಯ್ಯಿರಿ.