ನಾಲ್ಕು ಗೆರೆಯ ಕರಿಕಲ್ಲು

ಬೆಂಗಳೂರಿನಲ್ಲಿ ಸಾಣೆ ಚಕ್ರದ ಮುಂದೆ ಕೂತು ಇಪ್ಪತ್ತು ವರ್ಷವಾಯಿತು. ನನ್ನ ಕೈಗೆ ಬರುವ ಕರಿ ನಕ್ಷತ್ರದ ಹರಳುಗಳಲ್ಲಿ ಹೆಚ್ಚಿನವು ಹೊಸೂರಿನಾಚೆಯ ನಾಮಕ್ಕಲ್ ಸೀಮೆಯವು. ನಾಮಕ್ಕಲ್ 1997ರಲ್ಲೇ ಸೇಲಂನಿಂದ ಬೇರೆ ಜಿಲ್ಲೆಯಾದರೂ, ನನಗೆ ಕಲ್ಲು ತಂದುಕೊಡುವವರ ಬಾಯಲ್ಲಿ ಅದಿನ್ನೂ ‘ಸೇಲಂ ಕಲ್ಲು’.

1. ಬೆಲೆ ಕೇಳುವ ಮುಂಚೆ, ಬೆಳಕಿನಲ್ಲಿ ಹರಳಿನ ಮೇಲೆ ಮೂಡುವ ನಕ್ಷತ್ರದ ಗೆರೆ ಎಣಿಸಿ. ಕರಿ ನೀಲದಲ್ಲಿ ಆರು ಗೆರೆ. ನಾಲ್ಕೇ ಇದ್ದು, ಓರೆಯಾಗಿ ಸುಮಾರು 73 ಡಿಗ್ರಿಯಲ್ಲಿ ಕತ್ತರಿ ಹಾಕಿದ್ದರೆ ಅದು ಡಯಾಪ್ಸೈಡ್ ಎಂಬ ಬೇರೆಯೇ ಕಲ್ಲು. ಶನಿಕಾಟಕ್ಕೆ ನೀಲ ಹುಡುಕಿಕೊಂಡು ಬಂದವರಿಗೆ ಇದನ್ನೇ ಕೊಟ್ಟು ಕಳಿಸುವವರಿದ್ದಾರೆ. ಡಯಾಪ್ಸೈಡಿಗೆ ಇಟ್ಟಿರುವ ‘ಬ್ಲ್ಯಾಕ್ ಸ್ಟಾರ್ ಆಫ್ ಇಂಡಿಯಾ’ ಎಂಬ ಹೆಸರಿಗೂ ಮರುಳಾಗಬೇಡಿ. ನ್ಯೂಯಾರ್ಕ್ ಮ್ಯೂಸಿಯಂನ 563 ಕ್ಯಾರಟ್ಟಿನ ‘ಸ್ಟಾರ್ ಆಫ್ ಇಂಡಿಯಾ’ ಬೇರೆ. ಅದು ನಿಜವಾದ ನೀಲ.

2. ಹರಳನ್ನು ದಾರಕ್ಕೆ ಕಟ್ಟಿ ಅಯಸ್ಕಾಂತ ಹಿಡಿಯಿರಿ. ಡಯಾಪ್ಸೈಡ್ ವಾಲುತ್ತದೆ. ಒಳಗಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಸೂಜಿಗಳ ಕೆಲಸ ಅದು. ಕೆಲವು ನಕ್ಷತ್ರ ಗಾರ್ನೆಟ್‌ಗಳೂ ವಾಲುವುದರಿಂದ ಇದೊಂದನ್ನೇ ನಂಬಬೇಡಿ.

3. ಒರಟು ಕಲ್ಲು ತಂದು ನೀವೇ ಅರೆಯುವುದಾದರೆ, ನಕ್ಷತ್ರ ಎಲ್ಲಿ ಕೂರುತ್ತದೆಂದು ನೋಡದೆ ಚಕ್ರ ತಿರುಗಿಸಬೇಡಿ. ರೇಷ್ಮೆ ನೂಲಿನ ಲಡಿಯನ್ನು ದೀಪಕ್ಕೆ ಹಿಡಿದರೆ ಹೊಳಪಿನ ಗೆರೆ ನೂಲಿಗೆ ಅಡ್ಡಲಾಗಿ ಓಡುತ್ತದಲ್ಲ, ಇಲ್ಲೂ ಅದೇ. ಸೂಜಿಗಳು ಎರಡು ದಿಕ್ಕಿನಲ್ಲಿ ಮಲಗಿವೆ, ಹೊಳಪಿನ ಪಟ್ಟಿಗಳೂ ಎರಡು; ಅವು ಒಂದನ್ನೊಂದು ದಾಟುವ ಕಡೆಯಿಂದ ನಾಲ್ಕು ಗೆರೆ. ಸೂಜಿಗಳು ಮಲಗಿದ ಮಟ್ಟಕ್ಕೇ ಹರಳಿನ ತಳವೂ ಬರಬೇಕು. ಒರಟು ಕಲ್ಲನ್ನು ಒಂದಿಷ್ಟು ದುಂಡಗೆ ಮಾಡಿ, ಮೇಲೆ ಎಣ್ಣೆಯ ಹನಿ ಬಿಟ್ಟು, ಒಂಟಿ ಬಲ್ಬಿನ ಕೆಳಗೆ ಹೊರಳಿಸಿದರೆ ಗೆರೆಗಳು ಕೂಡುವ ಜಾಗ ಮಸುಕಾಗಿ ಕಾಣುತ್ತದೆ. ಅಲ್ಲಿ ಬಿಳಿ ಪೆನ್ಸಿಲ್ಲಿನಿಂದ ಚುಕ್ಕೆ ಇಡಿ. ಮೊದಲ ವರ್ಷ ನಾನು ತೂಕದಾಸೆಗೆ ಕಲ್ಲು ಹೇಗಿತ್ತೋ ಹಾಗೇ ಅರೆದೆ. ನಕ್ಷತ್ರ ಅಂಚಿಗೆ ಜಾರಿ, ಇಣುಕಿ ನೋಡುವ ಮಗುವಿನ ಹಾಗೆ ನಿಂತಿತು. ಆ ಹರಳು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಗುಮ್ಮಟ ತೀರಾ ಚಪ್ಪಟೆಯಾದರೂ ಕಷ್ಟ, ಗೆರೆ ಹರಡಿ ಹೋಗುತ್ತದೆ.

4. ಡಯಾಪ್ಸೈಡ್ ಉಂಗುರಕ್ಕಿಂತ ಪದಕಕ್ಕೆ ಒಳ್ಳೆಯದು. ಕಲ್ಲುಗಳ ಗಡಸುತನದ ಅಳತೆಯಲ್ಲಿ ಇದರದು ಆರರ ಆಸುಪಾಸು, ರಸ್ತೆ ಧೂಳಿನ ಮರಳಿನದು ಏಳು. ಪೆಟ್ಟಿಗೆ ಸೀಳುವ ಗುಣವೂ ಉಂಟು. ಬೆಸುಗೆಯೆಲ್ಲ ಮುಗಿದ ಮೇಲೇ ಹರಳು ಕೂರಿಸಲು ಅಕ್ಕಸಾಲಿಗೆ ಹೇಳಿ.

5. ಅಂಗಡಿಯ ಟ್ಯೂಬ್‌ಲೈಟ್ ಸಾಲಿನಲ್ಲಿ ಒಳ್ಳೆಯ ನಕ್ಷತ್ರವೂ ಮಂಕು. ದೀಪ ಆರಿಸಲು ಹೇಳಿ, ಮೊಬೈಲ್ ಟಾರ್ಚಿನಲ್ಲಿ ನೋಡಿ. ಕೆಲವು ಅಂಗಡಿಯವರಿಗೆ ಸಿಟ್ಟು ಬರುತ್ತದೆ. ಬರಲಿ.