ಇಂಗುವ ನೆಲ, ಬಸಿಯುವ ನೆಲ: ವಲ್ಲಾರ್ಪಾಡಂ ದ್ವೀಪದ ನಿದರ್ಶನ

ಮಳೆನೀರಿಗೆ ಸಂಬಂಧಿಸಿದ ಕನ್ನಡದ ಕ್ರಿಯಾಪದಗಳು ಒಂದಕ್ಕೊಂದು ಪರ್ಯಾಯಗಳಲ್ಲ. ನೆಲದ ಮೇಲೆ ಸಾಗುವ ನೀರು ಹರಿಯುತ್ತದೆ. ಮಣ್ಣಿನೊಳಗಿಳಿದು ಕಣ್ಮರೆಯಾಗುವ ನೀರು ಇಂಗುತ್ತದೆ. ಒಂದು ಪದರವನ್ನು ದಾಟಿ ಬೇರೆಡೆಗೆ ಹೊರಡುವ ನೀರು ಬಸಿಯುತ್ತದೆ. ಅಡುಗೆಮನೆಯಲ್ಲಿಯೂ ಈ ಭೇದ ಸ್ಪಷ್ಟ. ಅನ್ನದ ನೀರನ್ನು ಪಾತ್ರೆಯಲ್ಲಿಯೇ ಇಂಗಿಸಬಹುದು, ಇಲ್ಲವೇ ಗಂಜಿಯಾಗಿ ಬಸಿಯಬಹುದು. ಎರಡೂ ಒಂದೇ ಅಲ್ಲ. ನಗರಗಳ ಮಳೆನೀರಿನ ನಿರ್ವಹಣೆಗಾಗಿ ಬಳಕೆಗೆ ಬಂದಿರುವ 'ಪರ್ಮಿಯಬಲ್ ಪೇವ್‌ಮೆಂಟ್' ಎಂಬುದನ್ನು 'ನೀರಿಂಗುವ ನೆಲಹಾಸು' ಎಂದು ಕನ್ನಡಿಸುವುದು ಸಹಜವೇ. ಆದರೆ ಆ ಹೆಸರು ಎಲ್ಲ ನೆಲಕ್ಕೂ ಒಪ್ಪುವುದೇ ಎಂಬುದು ವಿಚಾರಾರ್ಹವಾಗಿದೆ.

ಇದರ ರಚನೆ ಸರಳ. ಮೇಲೆ ಮರಳು ಬೆರೆಸದ ರಂಧ್ರಮಯ ಕಾಂಕ್ರೀಟು ಅಥವಾ ಸಂದು ಬಿಟ್ಟು ಜೋಡಿಸಿದ ಬಿಲ್ಲೆಗಳು. ಅದರಡಿ ಜಲ್ಲಿಯ ದಪ್ಪ ಹಾಸು. ಅದಕ್ಕೂ ಕೆಳಗೆ ಸಹಜ ಮಣ್ಣು. ಒಂದು ಚದರ ಮೀಟರ್ ನೆಲದ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ 100 ಲೀಟರ್ ನೀರಾಗುತ್ತದೆ. ಒಂದೇ ಗಾತ್ರದ ಜಲ್ಲಿಯಲ್ಲಿ ಶೇಕಡಾ 40ರಷ್ಟು ತೆರವಿರುವುದರಿಂದ, 30 ಸೆಂಟಿಮೀಟರ್ ದಪ್ಪದ ಹಾಸು ಸುಮಾರು 120 ಲೀಟರ್ ಹಿಡಿಯಬಲ್ಲುದು. ಹಿಡಿದುದನ್ನು ಮಣ್ಣಿಗೆ ಮೆಲ್ಲನೆ ಒಪ್ಪಿಸುವುದು ಉಳಿದ ಕೆಲಸ. ಅಂಗಳಕ್ಕೆ 'ಇಂಟರ್‌ಲಾಕ್' ಹಾಸಿದೊಡನೆ ನೀರು ಇಂಗುವುದೆಂಬ ನಂಬಿಕೆ ವ್ಯಾಪಕವಾಗಿದೆ. ಕಾಂಕ್ರೀಟಿನ ಮೇಲೆ ಸಂದಿಲ್ಲದಂತೆ ಬಿಗಿದ ಬಿಲ್ಲೆಗಳಿಗೂ ಸಿಮೆಂಟಿನ ಅಂಗಳಕ್ಕೂ ಈ ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲ.

ಈ ಲೆಕ್ಕವು ತಲೆಕೆಳಗಾಗುವುದನ್ನು ಕೊಚ್ಚಿಯ ಹಿನ್ನೀರಿನ ನಡುವಿನ ವಲ್ಲಾರ್ಪಾಡಂನಲ್ಲಿ ಕಾಣಬಹುದು. ಮಾತೆ ಮರಿಯಳ ಬಸಿಲಿಕಾದಿಂದ ಪ್ರಸಿದ್ಧವಾದ ಈ ದ್ವೀಪವು 2004ರಲ್ಲಿ ಗೋಶ್ರೀ ಸೇತುವೆಗಳ ಮೂಲಕ ನಗರಕ್ಕೆ ಸೇರಿತು. 2011ರಲ್ಲಿ ಅಂತಾರಾಷ್ಟ್ರೀಯ ಕಂಟೇನರ್ ನಿಲ್ದಾಣ ಉದ್ಘಾಟನೆಗೊಂಡಿತು. ನೆಲ ಸಮುದ್ರಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಉಬ್ಬರ ಇಳಿತಗಳ ಅಂತರ ಸುಮಾರು ಒಂದು ಮೀಟರ್. ಜಲ್ಲಿಹಾಸಿನ ತಳಕ್ಕೂ ಅಂತರ್ಜಲಕ್ಕೂ ನಡುವೆ ಎರಡು ಮೂರು ಅಡಿ ಒಣಮಣ್ಣನ್ನು ಎಂಜಿನಿಯರುಗಳು ಬಯಸುತ್ತಾರೆ. ತಗ್ಗಿನ ದ್ವೀಪದಲ್ಲಿ ಮಳೆಗಾಲದ ಅಂತರ್ಜಲವು ಅಷ್ಟು ಅವಕಾಶವನ್ನು ಕೊಡುವುದಿಲ್ಲ. ಮಳೆ ಬರುವ ಮೊದಲೇ ಜಲ್ಲಿಯ ತೆರವು ಕೆಳಗಿನಿಂದ ತುಂಬಬಹುದು. ಮಲಯಾಳದ 'ವೆಳ್ಳಕ್ಕೆಟ್ಟ್' ಎಂಬ ಪದವು ಇಲ್ಲಿ ಅರ್ಥಪೂರ್ಣ. ಅದರ 'ಕೆಟ್ಟ್' ಕನ್ನಡದ 'ಕಟ್ಟು' ಪದದ ಜ್ಞಾತಿ: ಹೊರದಾರಿ ಕಾಣದೆ ನೀರು ಕಟ್ಟಿಕೊಂಡ ಸ್ಥಿತಿ. 2019ರ ಅಕ್ಟೋಬರಿನ ಮಳೆಗೆ ಕೊಚ್ಚಿ ಮುಳುಗಿದ ಬಳಿಕ ಕೈಗೊಂಡ 'ಆಪರೇಷನ್ ಬ್ರೇಕ್‌ಥ್ರೂ' ಕಾಲುವೆ ಚರಂಡಿಗಳ ಹೊರದಾರಿ ಬಿಡಿಸುವುದಕ್ಕೆ ಗಮನಕೊಟ್ಟುದು ಸಕಾರಣವೇ. ಇಂತಹ ನೆಲದಲ್ಲಿ ಹಾಸಬೇಕಾದುದು ತಳದಲ್ಲಿ ರಂಧ್ರಕೊಳವೆಯುಳ್ಳ, ನೀರನ್ನು ತಡೆದು ತಡವಾಗಿ ಹೊರಬಿಡುವ, 'ಬಸಿಯುವ' ನೆಲಹಾಸು. ಅದೂ ಕಂಟೇನರ್ ಲಾರಿಗಳ ದಾರಿಗಲ್ಲ, ಕಾಲುದಾರಿಗೆ, ಅಂಗಳಕ್ಕೆ, ಕಾರು ನಿಲ್ಲುವ ಜಾಗಕ್ಕೆ.

ಅದೇ ರಾಜ್ಯದ ಉತ್ತರ ತುದಿಯ ಕನ್ನಡ ನಾಡಾದ ಕಾಸರಗೋಡಿನಲ್ಲಿ ಮಳೆ ಕೊಚ್ಚಿಗಿಂತ ಕಡಿಮೆಯೇನಲ್ಲ. ನೆಲ ಮಾತ್ರ ಬೇರೆ. ಮುರಕಲ್ಲಿನ ಗುಡ್ಡದಲ್ಲಿ ಇಂಗಿದ ನೀರು ಅಡ್ಡವಾಗಿ ಕೊರೆದ ಸುರಂಗಗಳಲ್ಲಿ ಒಸರಿ, ಪಂಪಿನ ಹಂಗಿಲ್ಲದೆ ತೋಟಕ್ಕೆ ಬರುತ್ತದೆ. ಗುಡ್ಡದ ಮೇಲಣ ಮದಕಗಳು ಈ ಇಂಗುವಿಕೆಗೆ ಒದಗುತ್ತವೆ. ಅಡಿಕೆ ಪತ್ರಿಕೆಯ ಶ್ರೀ ಪಡ್ರೆಯವರು ಈ ಪರಂಪರೆಯನ್ನು ಕನ್ನಡ ಓದುಗರಿಗೆ ಪರಿಚಯಿಸಿದವರಲ್ಲಿ ಪ್ರಮುಖರು. ಗಟ್ಟಿ ಪಾದೆಯ ಮೇಲೆ ನೀರು ಜಾರಿಹೋಗುವುದೂ, ಇಂಗಿದುದು ಬೇಸಗೆಗೆ ಮುನ್ನವೇ ಬರಿದಾಗುವುದೂ ಉಂಟು. ಆದರೂ ಅಲ್ಲಿ ನೀರಿಗೆ ಇಳಿಯಲು ಆಳವಿದೆ.

ತಿರುವನಂತಪುರದಲ್ಲಿ ಈ ಎರಡೂ ಸ್ಥಿತಿಗಳು ಒಂದೇ ಊರಿನಲ್ಲಿವೆ. 2015ರ 'ಆಪರೇಷನ್ ಅನಂತ' ತಗ್ಗಿನ ತಂಪಾನೂರಿನ ನೆರೆಗಾಗಿ ಮುಚ್ಚಿಹೋದ ಕಾಲುವೆಗಳನ್ನು ತೆರವುಗೊಳಿಸಿತು. ಇಂಗಿಸುವ ಕೆಲಸಕ್ಕೆ ಅಲ್ಲಿ ಯೋಗ್ಯವಾದುದು ತಂಪಾನೂರಲ್ಲ, ನೀರು ಇಳಿದುಬರುವ ಮೇಲಿನ ದಿಬ್ಬಗಳು.

ಹಾಸು ಯಾವುದಾದರೂ ಅದರ ಸಂದುಗಳನ್ನು ದೂಳು ಮುಚ್ಚುತ್ತದೆ. ಪೊರಕೆಯಿಂದ ಗುಡಿಸಿದರೆ ದೂಳು ಮತ್ತಷ್ಟು ಒಳಸೇರುವುದರಿಂದ, ಹೀರುಯಂತ್ರದಿಂದ ಆಗಾಗ ತೆಗೆಸಬೇಕು. ಅದಕ್ಕೆ ಹಣ ಒದಗಿಸದ ಕಡೆ ಕೆಲವೇ ವರ್ಷಗಳಲ್ಲಿ ರಂಧ್ರಗಳು ಕಟ್ಟಿ, ನೀರು ಮೊದಲಿನಂತೆ ಮೇಲೆಯೇ ಹರಿಯತೊಡಗುತ್ತದೆ.