ಬುದ್ಧಿಹಲ್ಲು ಕೀಳಿಸಿದ ಮೇಲೆ ನೋವೇ?

ಪ್ರಶ್ನೆ: ಮೊನ್ನೆ ಬುದ್ಧಿಹಲ್ಲು ಕೀಳಿಸಿದೆ. ಕೆನ್ನೆ ಊದಿದೆ, ನಿದ್ದೆಯಿಲ್ಲ. ಗಾಯಕ್ಕೆ ಲವಂಗದ ಎಣ್ಣೆ ಹಚ್ಚಬಹುದೇ?

ಉತ್ತರ: ಬೇಡ, ಅದು ಹಸಿ ಗಾಯವನ್ನು ಸುಡುತ್ತದೆ. ಊತ, ನೋವು 2–3 ದಿನ ಏರಿ ಆಮೇಲೆ ಇಳಿಯುವುದು ಸಹಜ. ನೋವು ವಿಪರೀತವಾಗುವವರೆಗೆ ಕಾಯದೆ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಊಟದ ನಂತರ ಹೊತ್ತಿಗೆ ಸರಿಯಾಗಿ ನುಂಗಿ. ಮೆಡಿಕಲ್ ಶಾಪಿನಿಂದ ಇನ್ನೊಂದನ್ನು ತಂದು ಸೇರಿಸಬೇಡಿ. ಎರಡರಲ್ಲೂ ಪ್ಯಾರಸಿಟಮಾಲ್ ಇದ್ದರೆ ಪ್ರಮಾಣ ಮೀರುತ್ತದೆ.

ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ. ಜೋರಾಗಿ ಮುಕ್ಕಳಿಸುವುದು, ಸ್ಟ್ರಾ, ಸಿಗರೇಟು ಬೇಡ. ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಒಳಗಿನ ಮೂಳೆ ತೆರೆದುಕೊಳ್ಳುತ್ತದೆ. ಮೂರು ದಿನ ಕಳೆದರೂ ನೋವು ಹೆಚ್ಚುತ್ತಾ ಕಿವಿಯತ್ತ ಹಬ್ಬಿದರೆ, ಬಾಯಿ ವಾಸನೆ ಬಂದರೆ 'ಡ್ರೈ ಸಾಕೆಟ್' ಇರಬಹುದು. ಅದಕ್ಕೆ ದಂತವೈದ್ಯರೇ ಗಾಯ ತೊಳೆದು ಔಷಧಿ ಇಡಬೇಕು. ಜ್ವರ ಬಂದರೆ, ನುಂಗಲು ಕಷ್ಟವಾದರೆ ಅಂದೇ ಹೋಗಿ ತೋರಿಸಿ.